ಯಶೋಧರಾಳ ಕಾರ್ಡಿನ ಷರಾ

ಆಳಂದ, ಬುಧವಾರ

ಅಂಬುಬಾಯಿಯವರಿಗೆ ಶರಣಾರ್ಥಿ.

ಸೋಮವಾರ ಯಶೋಧರಾಳ ಮಾರ್ಕ್ಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತುವಾಗ ನೀವು, “ನಮ್ಮ ಹುಡುಗಿ ಬಗ್ಗೆ ಚಲೋ ಬರ್ದೀರೇನ್ರಿ ಟೀಚರ್?” ಎಂದು ಕೇಳಿದಿರಿ. ನಾನು ಹೌದೆಂದೆ. ಪಕ್ಕದಲ್ಲಿದ್ದ ಯಶೋಧರಾ ಕಾರ್ಡ್ ಓದಿ ತಲೆ ತಗ್ಗಿಸಿದಳು.

ಆ ಷರಾ ನಾನು ಬರೆದದ್ದಲ್ಲ. ಹಾಜರಿ ವಿವರ ಕೊಟ್ಟು ಮೊಬೈಲಿನ ಎಐಯಿಂದ ಬರೆಸಿ, ಓದದೆ ಸಹಿ ಮಾಡಿದ್ದೆ. ನೀವು ಹೋದ ಮೇಲೆ ಮೊಬೈಲಿನಲ್ಲಿ ತೆಗೆದು ಓದಿದರೆ, ‘ಕಲಿಕೆಯಲ್ಲಿ ಆಸಕ್ತಿಯಿಲ್ಲ’ ಎಂದಿತ್ತು. ನೀವು ಕಬ್ಬು ಕಡಿಯಲು ಕರೆದೊಯ್ದ ಎರಡು ತಿಂಗಳಲ್ಲಿ ಅವಳು ಗುಡಿಸಲಲ್ಲೇ ಕುಳಿತು ಗಣಿತದ ಪುಸ್ತಕ ಮುಗಿಸಿದ್ದು ಅದಕ್ಕೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಶಾಲೆಯಲ್ಲಿ ಈಗ ನಿಯಮ ಮಾಡಿಸಿದ್ದೇನೆ: ಪ್ರಶ್ನೆಪತ್ರಿಕೆಗೆ ಎಐ ಬಳಸಬಹುದು, ಮಕ್ಕಳ ಷರಾವನ್ನು ಟೀಚರೇ ಬರೆಯಬೇಕು. ನಾಳೆ ಕಾರ್ಡ್ ಕಳಿಸಿರಿ, ನಾನೇ ಬರೆದುಕೊಡುತ್ತೇನೆ.

ಯಶೋಧರಾ, ಇದನ್ನು ಅವ್ವನಿಗೆ ಓದಿ ಹೇಳುವವಳು ನೀನೇ. ಮೊನ್ನೆ ಕಾರ್ಡ್ ಓದಿಯೂ ನೀನು ನನ್ನ ಮರ್ಯಾದೆ ಉಳಿಸಲೆಂದು ಅವ್ವನಿಗೆ ಹೇಳಲಿಲ್ಲ. ಇವತ್ತು ಒಂದು ಸಾಲೂ ಬಿಡದೆ ಓದು.

ನಿಮ್ಮ ಮಗಳ ಟೀಚರ್,
ವಿದ್ಯಾವತಿ