ಕಾಡು ಬಾ ಅಂದಿದೆ

ಹೊಲಿಗೆ ಅಂಗಡಿಯಿಂದ,
ಭಾನುವಾರ, ಜೂನ್ ೮

ನನ್ನ ಗಿಡ್ಡಿ ತಂಗಿಗೆ ಅಕ್ಕನ ಪ್ರೀತಿ.

ಹೇಗಿದ್ದೀಯಾ? ನೆಗಡಿ ಹೋಯಿತಾ? ಬಿಸಿನೀರು ಕುಡಿ, ಅಸಡ್ಡೆ ಮಾಡಬೇಡ. ಮೊಮ್ಮಗುವನ್ನು ಸೊಂಟದ ಮೇಲೆ ಹೊತ್ತು ದಿನಾ ಮೂರು ಮಹಡಿ ಹತ್ತುತ್ತೀಯೆಂದು ನಿನ್ನ ಸೊಸೆ ಫೋನಿನಲ್ಲಿ ಹೇಳಿದಳು. ಹತ್ತು, ಒಳ್ಳೆಯದೇ.

ಸುದ್ದಿ ಏನೆಂದರೆ, ನಾನು ಗೊರಿಲ್ಲಾ ನೋಡಲು ಹೊರಟಿದ್ದೇನೆ. ಮೃಗಾಲಯಕ್ಕಲ್ಲ, ಆಫ್ರಿಕಾದ ಬೆಟ್ಟದ ಮಳೆಕಾಡಿಗೆ. ಅವು ಸಿಗುವ ತನಕ ಜಾರುವ ಮಣ್ಣಿನಲ್ಲಿ ಹತ್ತಬೇಕು. ಸಿಕ್ಕ ಮೇಲೆ ಒಂದೇ ಗಂಟೆ ನೋಡಿ ಹಿಂದಿರುಗಬೇಕು. ಇದನ್ನು ಕೇಳಿ ನಿನ್ನ ಭಾವ ತಟ್ಟೆ ಸರಿಸಿ ಗುಡುಗಿದರು. "ಊರು ಹೋಗು, ಕಾಡು ಬಾ ಅನ್ನೋ ವಯಸ್ಸಲ್ಲಿ ಏನೇ ಇದು ನಿಂದು?" ಕಾಡು ಬಾ ಅಂತಿದೆಯಲ್ಲ, ಅದಕ್ಕೇ ಹೊರಟಿದ್ದೀನಿ ಅಂದೆ. ಗೊರಿಲ್ಲಾಗಳ ದೊಡ್ಡ ಗಂಡು ಎದೆ ಬಡಿದುಕೊಂಡು ನುಗ್ಗಿ ಬಂದರೆ ಓಡಬಾರದಂತೆ. ಕಣ್ಣಿಗೆ ಕಣ್ಣು ಸೇರಿಸದೆ, ತಗ್ಗಿ, ಇದ್ದಲ್ಲೇ ಇರಬೇಕಂತೆ. ಅಭ್ಯಾಸವನ್ನು ಮನೆಯಲ್ಲೇ ಶುರು ಮಾಡಿದೆ. ಅವರು ಕೂಗಾಡಿದರು, ನಾನು ತಲೆ ತಗ್ಗಿಸಿ ಗಿರಾಕಿಯ ಅಂಗಿಗೆ ಗುಂಡಿ ಹಾಕುತ್ತಾ ಕೂತೆ. ಕೊನೆಗೆ ಸುಸ್ತಾಗಿ, "ಟಾರ್ಚ್ ತಗೊಂಡು ಹೋಗು" ಅಂದರು. ಆ ಕಾಡಿನ ಗಂಡು ಮರಿಗಳನ್ನು ಕಾಯಲು ಅಬ್ಬರಿಸುತ್ತದೆ, ನಮ್ಮವರು ಉಪ್ಪು ಕಡಿಮೆಯಾದರೂ ಅಬ್ಬರಿಸುತ್ತಾರೆ. ಹೋಗಲಿ, ಹೋಲಿಸಬಾರದು, ಗೊರಿಲ್ಲಾಕ್ಕೆ ಅವಮಾನ.

ಗೊರಿಲ್ಲಾನೇ ಯಾಕೆ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ನಿನಗೆ ಗೊತ್ತು. ಹಳೆಯ ಪತ್ರಿಕೆಯಿಂದ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಚಿತ್ರ ಅಂಟಿಸಿದವಳು ನೀನು, ಮರಿಯನ್ನು ಎದೆಗೊತ್ತಿಕೊಂಡ ತಾಯಿ ಗೊರಿಲ್ಲಾ. "ದೊಡ್ಡೋಳಾದ್ಮೇಲೆ ಇದರ ಮನೆಗೆ ಹೋಗ್ತೀನಿ" ಅನ್ನುತ್ತಿದ್ದೆ ನೀನು. ದೊಡ್ಡವಳಾದೆ, ಅಜ್ಜಿಯೂ ಆದೆ. ಪೇಟೆಗೆ ಬಾರೇ ಅಂದರೂ "ಮನೇಲಿ ಕೇಳಿ ಹೇಳ್ತೀನಿ" ಅನ್ನುತ್ತೀಯಾ. ಮೊದಲು ಗಂಡನನ್ನು ಕೇಳುತ್ತಿದ್ದೆ, ಅವರು ಹೋದ ಮೇಲೆ ಮಗನನ್ನು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ ಕಣೇ.

ಅಲ್ಲಿ ತುರಿಕೆ ಗಿಡಗಳ ಕಾಟವಂತೆ. ದಪ್ಪ ಖಾಕಿಯಲ್ಲಿ ಎರಡು ಪ್ಯಾಂಟು ಹೊಲಿದೆ. ಮಂಡಿಗೆ ಎರಡು ಪದರ, ಕಾಲಿನ ತುದಿಗೆ ಎಲಾಸ್ಟಿಕ್. ಒಂದು ಮಾತ್ರ ನಾಲ್ಕು ಬೆರಳು ಗಿಡ್ಡ. ನಿನ್ನ ಭಾವ ಎತ್ತಿ ನೋಡಿ, "ಅಳತೆ ತಪ್ಪಿದ್ಯಲ್ಲೇ" ಅಂದರು. ಇಷ್ಟು ವರ್ಷದಲ್ಲಿ ನನ್ನ ಅಳತೆ ತಪ್ಪಿದ್ದನ್ನು ಯಾರು ಕಂಡಿದ್ದಾರೆ?

ಮಗನಿಗೂ ಸೊಸೆಗೂ ಆಶೀರ್ವಾದ, ಪುಟ್ಟದಕ್ಕೆ ಎರಡು ಕೆನ್ನೆಗೂ ಮುತ್ತು. ನಿನಗೆ ಬೈಗುಳ ಇದೆ, ಎದುರಿಗೆ ಸಿಕ್ಕಾಗ ಕೊಡುತ್ತೇನೆ.

ನಿನ್ನ ಅಕ್ಕ

ತಾ.ಕ.: ಗಿಡ್ಡ ಪ್ಯಾಂಟು ನಿನ್ನದು. ಯಾವತ್ತೋ ಮಾಡಿಸಿ ಬೀರುವಿನಲ್ಲಿ ಮಲಗಿಸಿದ್ದೀಯಲ್ಲ ಪಾಸ್‌ಪೋರ್ಟು, ಅದರ ನಕಲು ನನ್ನ ಹತ್ತಿರ ಇತ್ತು. ಕಾಡಿನ ಪರ್ಮಿಟ್ಟು ನಿನ್ನ ಹೆಸರಿಗೂ ಆಗಿದೆ. ಮನೇಲಿ ಕೇಳಿ ಹೇಳ್ತೀನಿ ಎಂದು ಮಾತ್ರ ಬರೆಯಬೇಡ. ಆ ಕಾಡಿನ ಬಾಗಿಲಲ್ಲಿ ಮಗನ ಒಪ್ಪಿಗೆ ಇದೆಯಾ ಎಂದು ಯಾರೂ ಕೇಳುವುದಿಲ್ಲ. ನೆಗಡಿ ಇದೆಯಾ ಎಂದು ಕೇಳುತ್ತಾರೆ, ಗೊರಿಲ್ಲಾಗಳಿಗೆ ಅಂಟಬಾರದಲ್ಲ. ಅದೊಂದನ್ನು ವಾಸಿ ಮಾಡಿಕೊಂಡು ಬಾ.