ಅಡುಗೆಕಟ್ಟೆಯ ಎರಡನೇ ಕ್ಯಾನು

ಮೇ 2, ಬೆಳಗಿನ 4.40

ಮೋಟಾರಿನ ಸದ್ದಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಕೈ ಕೂಸಿನ ಮೂಗಿನ ಹತ್ತಿರ. ಉಸಿರು ಬೆಚ್ಚಗಿದೆ. ಸರಿ. ಆಮೇಲೆ ತಿಳಿಯಿತು — ಅಂಗಳದಲ್ಲಿ ಪ್ರೆಶರ್ ಪಂಪು. ಇವರು ಕಾರು ತೊಳೆಯಲು ನಿಂತಿದ್ದಾರೆ. ಬಿಸಿಲು ಬಿದ್ದ ಮೇಲೆ ತೊಳೆದರೆ ಸೋಪು ಬಣ್ಣದ ಮೇಲೇ ಒಣಗಿ ಕೂರುತ್ತದಂತೆ. ಬಾನೆಟ್ಟು ಕೈಗೆ ತಣ್ಣಗೆ ಹತ್ತಬೇಕಂತೆ. ಹುಬ್ಬಳ್ಳಿಯ ಶೋರೂಮಿನ ಕೆಲಸ ಬಿಟ್ಟು ಬಂದು ಎರಡು ತಿಂಗಳು. ಈಗ ಅಕ್ಕಿಆಲೂರಿನ ನಮ್ಮ ಅಂಗಳವೇ ಶೋರೂಮು. ಗೇಟಿಗೆ ಬೋರ್ಡು — ಚನ್ನೇಶ ಕಾರ್ ಕೇರ್. ವಾಶ್, ಪಾಲಿಶ್, ಕೋಟಿಂಗ್.

ಆಚೆ ಕೋಣೆಯಿಂದ ಅತ್ತೆ ಕೂಗಿದರು. “ಲೇ ಚನ್ಯಾ, ಎಮ್ಮಿ ಸೈತ ಇನ್ನಾ ಎದ್ದಿಲ್ಲೋ! ಕಾರಿಗೇನ್ ಅವಸರ ಆಗೇತಿ?”

“ನೀ ಮಕ್ಕೋ ಬೇ.”

ನಗು ಬಂತು. ನಿದ್ದೆ ಬರಲಿಲ್ಲ. ಒಟ್ಟು ಒಂದೂವರೆ ತಾಸು ಮಲಗಿರಬೇಕು. ಕೂಸಿಗೆ ಒಂಬತ್ತು ತಿಂಗಳು. ನನಗೂ ನಿದ್ದೆಗೂ ಒಂಬತ್ತು ತಿಂಗಳಿಂದ ಮಾತಿಲ್ಲ.

ಮೇ 3, ಮಧ್ಯಾಹ್ನ

ಕೂಸು ಅಂಬೆಗಾಲಲ್ಲಿ ಹೊಸ್ತಿಲು ದಾಟಿತು. ಮೊದಲ ಸಲ. ಅತ್ತೆಗೆ ಹಿಗ್ಗು. ನನಗೆ ಎದೆ ಧಸಕ್.

ಶೆಡ್ಡಿನ ಹಲಗೆಯ ಮೇಲೆ ಏನೇನಿದೆ ನೋಡಿ ಬಂದೆ. ಶಾಂಪೂ — ಗುಲಾಬಿ ಶರಬತ್ತಿನಂತಿದೆ. ಮೇಣ ಬೆಣ್ಣೆಯಂತೆ. ಗೀರು ತೆಗೆಯುವ ಕಾಂಪೌಂಡು ಹಾಲಿನ ಕೆನೆ. ಎಲ್ಲವೂ ತಿನ್ನಲಿಕ್ಕೇ ಮಾಡಿದ ಹಾಗೆ. ಕೊನೆಗೆ ಒಂದು ಬಿಳಿ ಬಾಟಲಿ. ಮೇಲೆ ಚೀಟಿಯಿಲ್ಲ. ನೀರಿನ ಕಲೆ ತೆಗೆಯುವ ಆಸಿಡ್ ಅಂತೆ, ಹುಬ್ಬಳ್ಳಿಯಲ್ಲಿ ಬಿಡಿಯಾಗಿ ಸಿಗುತ್ತದಂತೆ. ಮುಚ್ಚಳ ತೆಗೆದಾಗ ಒಂದು ಹನಿ ಸಿಮೆಂಟಿನ ಮೇಲೆ ಬಿತ್ತು. ಚುರ್ ಎಂದು ನೊರೆ.

“ಇದನ್ನ ಮನ್ಯಾಗ ಇಡಬ್ಯಾಡ್ರಿ.”

“ಮನ್ಯಾಗ ಎಲ್ಲೈತಿ? ಶೆಡ್ಡಿನ್ಯಾಗ ಐತಿ.”

“ಶೆಡ್ಡು ಯಾರ ಮನಿದು?”

“ಬಿ.ಎ. ಓದಿದವ್ರ ಸಂಗಾಟ ವಾದ ಮಾಡಬಾರ್ದಪಾ” ಎಂದು ಕೈ ಮುಗಿದರು. ಬಾಟಲಿಯನ್ನು ಅಟ್ಟದ ಮೇಲಿನ ಟ್ರಂಕಿಗೆ ಹಾಕಿ ಕೀಲಿ ನನ್ನ ಕೈಗೆ ಕೊಟ್ಟರು. ಕೀಲಿಯನ್ನು ತಾಳಿಯ ಪಿನ್ನಿಗೆ ಸಿಕ್ಕಿಸಿಕೊಂಡಿದ್ದೇನೆ.

ಮೇ 5, ಬೆಳಿಗ್ಗೆ

ಕೂಸು ಮಲಗಿದಾಗ ಒರೆಸಲು ನಾನೂ ಹೋಗುತ್ತೇನೆ. ಎರಡು ಬಕೀಟು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಒಂದು ಮರಳಿನ ಕಣ ಬಟ್ಟೆಗೆ ಅಂಟಿದರೂ ಸಾಕು, ಬಣ್ಣದ ಮೇಲೆ ಕೂದಲೆಳೆಯಂಥ ಗೀರು ಬೀಳುತ್ತದೆ. ಮೇಲಿನಿಂದ ಕೆಳಗೆ ಬರಬೇಕು, ನೆಟ್ಟಗೆ ಎಳೆಯಬೇಕು. ಗುಂಡಗೆ ತಿಕ್ಕಬಾರದು. ಆ ಹೊತ್ತು ತಲೆಯಲ್ಲಿ ಬೇರೇನೂ ಇರುವುದಿಲ್ಲ. ಅದು ಚಂದ.

ನಮ್ಮ ಬೋರಿನ ನೀರು ಸವಳು. ಕಾರಿನ ಮೇಲೆ ಆರಿದರೆ ಬಿಳಿ ಚುಕ್ಕಿ ಉಳಿಯುತ್ತದೆ. ಅದಕ್ಕೆ ಕೊನೆಯ ನೀರು ಮಾತ್ರ ಫಿಲ್ಟರ್ ನೀರು. ಕುಡಿಯಲು ಒಂದು ಕ್ಯಾನು ತರುತ್ತಿದ್ದವರು ಈಗ ಎರಡು ತರುತ್ತಾರೆ. ಎರಡೂ ಒಂದೇ ಬಣ್ಣ, ಒಂದೇ ನಲ್ಲಿ. ಒಂದು ಅಡುಗೆಕಟ್ಟೆಗೆ, ಒಂದು ಶೆಡ್ಡಿಗೆ.

ಅತ್ತೆಗೆ ತಡೆಯಲಾಗಲಿಲ್ಲ. “ನಾವು ಕೆರಿ ನೀರು ಕುಡದು ಬೆಳದೇವಿ. ಈಗ ಕಾರಿಗೆ ಫಿಲ್ಟರ್ ನೀರಂತ! ನಾಳಿ ಅದಕ್ಕ ಹಾಲು ಕಾಸಿ ಕೊಡು.”

ಮೇ 10, ಸಂಜೆ

ತಸ್ಲೀಮಾ ಬಂದಿದ್ದಳು! ಹಾನಗಲ್ಲ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ಈಗ ಸವಣೂರಲ್ಲಿ. ಗಂಡ ಮಹಮ್ಮದಗೌಸನದು ವೀಳ್ಯದೆಲೆ ವ್ಯಾಪಾರ. ಹಳೇ ಕಾರು ಕೊಂಡಿದ್ದಾರೆ, ಕರೀದು, ಮೈತುಂಬ ನೀರಿನ ಕಲೆ. ಹನ್ನೆರಡನೇ ತಾರೀಖು ಬೆಳಗಿನ ನಾಲ್ಕಕ್ಕೆ ಕಲಬುರ್ಗಿಗೆ ಹೊರಡುತ್ತಾರೆ, ನಾದಿನಿಯ ಮದುವೆ.

“ಅಲ್ಲಲೇ ತನುಜಾ, ಫಸ್ಟ್ ಕ್ಲಾಸ್ ತಗೊಂಡು ಕಾರ್ ಒರ್ಸಾಕತ್ತೀಯಲ್ಲ!”

“ನೀ ಸೆಕೆಂಡ್ ಕ್ಲಾಸ್ ತಗೊಂಡು ಕಾರಿನ್ಯಾಗ ಕುಂತಿ. ನನಗ ಹೊಟ್ಟಿಕಿಚ್ಚು.”

ಅವಳ ಮಗಳು ನುಜಹತಳಿಗೆ ನಾಲ್ಕು ವರ್ಷ. ನನ್ನ ಕೂಸಿನ ಕೆನ್ನೆ ಹಿಡಿದು “ಇದು ಮಾತಾಡಂಗಿಲ್ಲೇನು?” ಎಂದು ಕೇಳಿತು. ಕಾರು ನಮ್ಮಲ್ಲಿ ಬಿಟ್ಟು ಬಸ್ಸಿಗೆ ಹೋದರು.

ಇವರು ಕೀಲಿ ಕೇಳಿದರು. ಆಸಿಡ್ ಬೇಕಂತೆ. ಕೊಟ್ಟೆ. ಒಂದು ತಾಸಿನಲ್ಲಿ ಬಾಟಲಿ ಟ್ರಂಕಿಗೆ ವಾಪಸು. ನಾನೇ ಕೀಲಿ ಹಾಕಿದೆ, ಎರಡು ಸಲ ಎಳೆದು ನೋಡಿದೆ.

ಮೇ 11, ಬೆಳಿಗ್ಗೆ 10

ಕೂಸು ಶೆಡ್ಡಿನಲ್ಲಿ ಕ್ಯಾನು ಹಿಡಿದು ಎದ್ದು ನಿಂತಿತ್ತು. ಸ್ಟೂಲಿನ ಮೇಲಿನ ಕ್ಯಾನು ಅಲುಗುತ್ತಿತ್ತು. ಮೈಮೇಲೆ ಬಿದ್ದಿದ್ದರೆ? ಇವರು ಮೇಣ ತರಲು ಹಾವೇರಿಗೆ ಹೋಗಿದ್ದಾರೆ. ಯಾರನ್ನೂ ಕೇಳಲಿಲ್ಲ. ಕ್ಯಾನು ಎತ್ತಿ ತಂದು ಅಡುಗೆಕಟ್ಟೆಯ ಮೇಲೆ, ಕುಡಿಯುವ ಕ್ಯಾನಿನ ಮುಂದೆ ಇಟ್ಟೆ. ಹೇಗೂ ಫಿಲ್ಟರ್ ನೀರೇ. ಕೂಸಿನ ಕೈಗೆ ಸಿಗದಿದ್ದರೆ ಸಾಕು.

ಮೇ 11, ಸಂಜೆ 6.15

ಮೂವರೂ ಬಂದಿದ್ದರು. ಕಾರು ಕೊಟ್ಟು ಕಳಿಸಿದೆವು. ಬಾನೆಟ್ಟಿನಲ್ಲಿ ಮುಖ ಕಾಣುತ್ತದೆ. ಗೌಸಭಾಯಿ ಬಗ್ಗಿ ಮೀಸೆ ತಿದ್ದಿಕೊಂಡರು. “ಅಲ್ರೀ ಚನ್ನೇಶಣ್ಣ, ಮದುಮಗ ನಾನಲ್ರಿ. ಇಷ್ಟು ಮಿಂಚಿಸಿದ್ರ ಮಂದಿ ನನ್ನ ನೋಡ್ತಾರ!”

ತೊಳೆಯುವ ಮೊದಲು ಕಾರಿನಿಂದ ತೆಗೆದಿಟ್ಟ ಸಾಮಾನನ್ನೆಲ್ಲ ನಾನೇ ಪುಟ್ಟಿಗೆ ತುಂಬಿಕೊಟ್ಟೆ. ಛತ್ರಿ, ಜಪಕ್ಕೆ ಹಿಡಿಯುವ ತಸಬಿ, ಒಂದು ಸಣ್ಣ ಚಪ್ಪಲಿ, ನುಜಹತಳ ಗುಲಾಬಿ ಬಣ್ಣದ ನೀರಿನ ಬಾಟಲಿ. ಗುಂಡಿ ಒತ್ತಿದರೆ ನಳಿಗೆ ಏಳುತ್ತದೆ. ಹುಡುಗಿ ಅವ್ವನನ್ನು ಕೇಳದೆ ತಾನೇ ಕುಡಿಯುತ್ತದಂತೆ. ಬಾಟಲಿ ಖಾಲಿಯಿತ್ತು. ಅತ್ತೆ ಗದರಿದರು — “ಖಾಲಿ ಕೊಡ್ತಾರೇನವಾ? ದೂರ ಹೊಂಟ ಮಂದಿ. ತುಂಬಿ ಕೊಡು.” ನಮ್ಮಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ತಿರುಗಿಸುವುದಿಲ್ಲ. ಓಡಿಹೋಗಿ ತುಂಬಿಸಿ ತಂದೆ. ಹುಡುಗಿಯ ಕೊರಳಿಗೆ ನಾನೇ ಹಾಕಿದೆ. “ಈಗ ಬ್ಯಾಡ. ಮದ್ವಿಗೆ ಹೋಗೋವಾಗ ಕುಡಿ, ಹಾಂ?” ಎಂದೆ. ತಲೆಯಾಡಿಸಿತು. ಎಷ್ಟು ಜಾಣ ಹುಡುಗಿ.

ಮೇ 11, ರಾತ್ರಿ 9.25

ದೇವರೇ.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ನಾಳೆಯ ಕಾರಿಗೆ ತಯಾರಿ ಮಾಡಲು ಹೋದವರು ಶೆಡ್ಡಿನಿಂದ ಕೂಗಿದರು. “ತನೂ, ಇಲ್ಲಿದ್ದ ಕ್ಯಾನ್ ಎಲ್ಲಿ?”

“ಅಡಗಿಮನ್ಯಾಗ ಇಟ್ಟೇನ್ರಿ.”

ಚಪ್ಪಲಿ ಬಿಡದೆ ಒಳಗೆ ಬಂದರು. ಹಾಗೆ ಎಂದೂ ಬಂದವರಲ್ಲ. “ಅದ್ರಾಗ ಆಸಿಡ್ ಬೆರಸೇನಿ. ನಿನ್ನಿ ರಾತ್ರಿ ನಿನಗ ಹೇಳೇನಿ.”

“ನನಗ?”

“ಕೂಸಿಗೆ ಹಾಲು ಕುಡಸಾಕತ್ತಿದ್ದಿ. ಬೋರಿನ ನೀರಾಗ ಕಲಸಿದ್ರ ಮತ್ತ ಕಲೆ ಬೀಳ್ತೈತಿ, ಅದಕ್ಕ ಕ್ಯಾನಿನಾಗ ಬೆರಸೇನಿ, ಮುಟ್ಟಬ್ಯಾಡ ಅಂದೆ. ಹೂಂ ಅಂದಿಯಲ್ಲ.”

ಹೂಂ ಅಂದಿರಬೇಕು. ನೆನಪೇ ಇಲ್ಲ. ಎಚ್ಚರವಿದ್ದೆನೋ ಇಲ್ಲವೋ.

ಕೂಸಿನ ಹಾಲಿನ ಬಾಟಲಿ ಬೆಳಕಿಗೆ ಹಿಡಿದು ನೋಡಿದೆವು. ಅತ್ತೆ ಎದೆ ಬಡಿದುಕೊಂಡರು. ಆದರೆ ಕೂಸಿನ ನೀರನ್ನು ಮುಂಜಾನೆಯೇ ಕಾಯಿಸಿ ಥರ್ಮಾಸಿಗೆ ಹಾಕಿದ್ದೆ. ಅನ್ನಕ್ಕೆ ಇಟ್ಟ ನೀರು ಹಿಂದಿನ ಕ್ಯಾನಿನದು, ಅತ್ತೆ ಆಣೆ ಮಾಡಿದರು. ಸೆಕೆಗೆ ನಾವು ದೊಡ್ಡವರು ಕುಡಿದದ್ದು ಮುಂಜಾನೆ ತುಂಬಿಟ್ಟ ಮಣ್ಣಿನ ಗಡಿಗೆಯ ನೀರು. ಕೂಸನ್ನು ಅವಚಿಕೊಂಡೆ. ಉಳಿದೆವು, ಉಳಿದೆವು ಎಂದೆ.

ಅಷ್ಟರಲ್ಲಿ ಗುಲಾಬಿ ಬಾಟಲಿ ಕಣ್ಣ ಮುಂದೆ ಬಂತು. ಓಡಿದ್ದು ನೆನಪಿದೆ. ಕಟ್ಟೆಯ ಮೇಲೆ ಮುಂದಿದ್ದ ನಲ್ಲಿ ತಿರುಗಿಸಿದ್ದು ನೆನಪಿದೆ. ಮುಂದೆ ಇದ್ದದ್ದು ಎರಡನೇ ಕ್ಯಾನು.

ತಸ್ಲೀಮಾಳ ಫೋನು ಸ್ವಿಚ್ ಆಫ್. ಗೌಸಭಾಯಿಯದು ರಿಂಗಾಗುತ್ತದೆ, ಎತ್ತುತ್ತಿಲ್ಲ. 7.40ಕ್ಕೆ ಅವಳದೇ ಮೆಸೇಜ್ ಬಂದಿದೆ: ಮುಟ್ಟಿದ್ವಿ, ಕಾರ್ ನೋಡಿ ಓಣಿ ಮಂದಿ ಎಲ್ಲಾ ಹೊಸಾದೇನು ಅಂದ್ರು. ಅಂದರೆ ಅಲ್ಲಿಯವರೆಗೆ ಏನೂ ಆಗಿಲ್ಲ. ಇವರು ಬೈಕ್ ಹತ್ತಿ ಸವಣೂರಿಗೆ ಹೋದರು. ಅವರು ಹೊರಡುವುದು ಬೆಳಗಿನ ನಾಲ್ಕಕ್ಕಲ್ಲವೆ. ಸಿಕ್ಕೇ ಸಿಗುತ್ತಾರೆ.

10.50

ಸಿಗಲಿಲ್ಲ. ಮನೆಗೆ ಕೀಲಿ. ಸೆಕೆ ಎಂದು ರಾತ್ರಿಯೇ ಹೊರಟರಂತೆ, ಒಂಬತ್ತಕ್ಕೆ. ಫೋನಿನಲ್ಲಿ ಇವರ ದನಿ ಇವರದಾಗಿರಲಿಲ್ಲ.

“ಬಾಜು ಮನಿ ಅಜ್ಜಿ ನೋಡ್ಯಾಳ. ಹುಡುಗಿ ನಕ್ಕೋತ ಕಾರ್ ಹತ್ತಿತಂತ.”

“ಬಾಟ್ಲಿ?”

ಬೈಕ್ ಶುರು ಮಾಡುವ ಸದ್ದು ಕೇಳಿತು.

“ಬಾಟ್ಲಿ ಕೇಳಿದ್ರೇನ್ರೀ?”

“ಕೊಳ್ಳಾಗ ಇತ್ತಂತ.”

ಶಿಗ್ಗಾಂವಿಯಲ್ಲಿ ತಸ್ಲೀಮಾಳ ಅವ್ವನ ಮನೆಯಿದೆ. ಅವರನ್ನು ಎಬ್ಬಿಸಿ ಕಲಬುರ್ಗಿಯವರ ನಂಬರು ತೆಗೆದುಕೊಳ್ಳಲು ಹೊರಟಿದ್ದಾರೆ. ಪೊಲೀಸರ ನೂರಾ ಹನ್ನೆರಡಕ್ಕೂ ಫೋನ್ ಮಾಡಿದ್ದಾರೆ. ಪಾಲಿಶ್ ಆದ ಮೇಲೆ ತೆಗೆದ ಫೋಟೊದಲ್ಲಿ ಕಾರಿನ ನಂಬರು ಸಿಕ್ಕಿತು. ದಾರಿಯ ಗಸ್ತಿನವರಿಗೆ ತಿಳಿಸುತ್ತೇವೆ ಅಂದರಂತೆ.

12.20

“ಎಷ್ಟು ಬೆರಸೀರಿ, ಖರೇ ಹೇಳ್ರಿ” ಎಂದು ಕೇಳಿದೆ. ಇವರು ಶಿಗ್ಗಾಂವಿಯಿಂದ ಫೋನ್ ಮಾಡಿದ್ದರು. “ಭಾಳ ಇಲ್ಲ. ತೆಳು ಮಾಡೇನಿ.” ಕಾರಿನ ಕಲೆಗೆ ತೆಳು. ನಾಲ್ಕು ವರ್ಷದ ಗಂಟಲಿಗೆ? ಅದು ಇವರಿಗೂ ಗೊತ್ತಿಲ್ಲ.

ತಸ್ಲೀಮಾಳ ಅವ್ವ ಕಲಬುರ್ಗಿಗೆ ಫೋನ್ ಹಚ್ಚಿದ್ದಾರೆ. ಅವರಿಗೂ ಕಾರಿನವರು ಸಿಗುತ್ತಿಲ್ಲ. ಬಂದ ಕೂಡಲೇ ಬಾಟಲಿ ಕಸಿದುಕೊಳ್ಳುತ್ತೇವೆ ಅಂದಿದ್ದಾರೆ. ಆದರೆ ಬರುವುದು ಬೆಳಗಾದ ಮೇಲೆ.

ಕಟ್ಟೆಯ ಮೇಲಿನ ಕ್ಯಾನನ್ನು ಅತ್ತೆ ಮುಟ್ಟಲು ಬಿಡುತ್ತಿಲ್ಲ. “ಡಾಕ್ಟರ್ ಕೇಳಿದ್ರ ತೋರಸಾಕ ಬೇಕಾಕ್ಕೈತಿ” ಎನ್ನುತ್ತಾರೆ. ಆಮೇಲೆ ನನ್ನ ತಲೆ ಸವರಿ, “ತುಂಬಿ ಕೊಡು ಅಂದಾಕಿ ನಾನವಾ” ಎಂದರು. ಅವರು ಅತ್ತದ್ದನ್ನು ಮೊದಲ ಸಲ ನೋಡಿದೆ.

1.35

ಗೌಸಭಾಯಿಯ ಫೋನೂ ಈಗ ಸ್ವಿಚ್ ಆಫ್. ಯಾಕೆಂದು ಗೊತ್ತಾಯಿತು. ಶೆಡ್ಡಿನ ಹಲಗೆಯ ಮೇಲೆ ಅವರ ಕಾರಿನ ಫೋನ್ ಚಾರ್ಜರ್ ವೈರು ಬಿದ್ದಿದೆ. ಬಾಟಲಿ ಮರೆಯಲಿಲ್ಲ ನಾನು. ವೈರು ಮರೆತೆ.

2.50

ಕೂಸು ಈಗಷ್ಟೇ ಎದ್ದು ಅತ್ತಿತು. ಸೆಕೆಗೆ ಗಂಟಲು ಒಣಗಿತ್ತು. ಚಮಚದಲ್ಲಿ ನೀರು ಕುಡಿಸಿದೆ. ಮೊದಲು ನಾನು ಕುಡಿದು ನೋಡಿ. ಮಕ್ಕಳು ಸೆಕೆಗೆ ಹೀಗೇ ಏಳುತ್ತವೆ. ನೀರಿಗೇ ಏಳುತ್ತವೆ.

ನುಜಹತ ಹಿಂದಿನ ಸೀಟಿನಲ್ಲಿ ಮಲಗಿರಬೇಕು. ಅವ್ವನ ತೊಡೆಯ ಮೇಲೆ ತಲೆಯಿಟ್ಟು. ಮಲಗಿರಲಿ. ಮಲಗಿಯೇ ಇರಲಿ.

ತಸ್ಲೀಮಾ, ಇಪ್ಪತ್ಮೂರು ಮೆಸೇಜ್ ಹಾಕಿದ್ದೇನೆ. ಎಲ್ಲಕ್ಕೂ ಒಂದೇ ಟಿಕ್ ಗೆರೆ, ಒಂದೂ ಮುಟ್ಟಿಲ್ಲ. ಇದನ್ನು ನೀನು ಓದುವುದಿಲ್ಲ, ಗೊತ್ತು. ಆದರೂ ಬೇರೆ ಯಾರಿಗೆ ಬರೆಯಲಿ? ಬಾಟಲಿ ತೆಗೆದು ಕಿಟಕಿಯಿಂದ ಹೊರಗೆ ಒಗೆ. ಕುಡಿದಿದ್ದರೆ ವಾಂತಿ ಮಾಡಿಸಬೇಡ. ಹತ್ತಿರದ ದವಾಖಾನೆಗೆ ಹೋಗು, ಆಸಿಡ್ ಎಂದು ಹೇಳು. ನನ್ನ ಹೆಸರು ಹೇಳು. ಪೊಲೀಸರಿಗೂ ನನ್ನ ಹೆಸರೇ ಹೇಳು, ಇವರದಲ್ಲ. ಎಲ್ಲಾದರೂ ಚಹಾಕ್ಕೆ ನಿಂತರೆ ಯಾರ ಫೋನಾದರೂ ಇಸಕೊಂಡು — ನನ್ನ ನಂಬರು ನಿನಗೆ ಬಾಯಿಪಾಠ ಇತ್ತಲ್ಲ, ಕಾಲೇಜಿನಿಂದಲೂ ಅದೇ ನಂಬರು, ಬದಲಿಸಿಲ್ಲ — ಬೈಯಲಿಕ್ಕಾದರೂ ಮಾಡು. ಬೆಳಗಾಗುವುದರೊಳಗೆ ಒಂದೇ ಒಂದು ಫೋನು. ಅವಳು ಏಳುವುದರೊಳಗೆ. ತಸ್ಲೀಮಾ, ಕೈ ಮುಗೀತೀನಿ, ಫೋನ್ ಮಾ—