ಕೂತವರಿಲ್ಲದ ಪಿಯಾನೋ

ಅಣ್ಣಾ,

ಹುಬ್ಬಳ್ಳಿಯ ರೈಲ್ವೆ ಕ್ಲಬ್ಬಿನ ಗೆದ್ದಲು ಹಿಡಿದ ಪಿಯಾನೋ ಮುಂದೆ ನಿನ್ನನ್ನು ಮೊದಲು ಕೂರಿಸಿದ್ದು ಒಬ್ಬ ನಿವೃತ್ತ ಎಂಜಿನ್ ಡ್ರೈವರ್, ನೆನಪಿದೆಯಾ? ಅಮೆರಿಕದ ಕಪ್ಪು ಜನ ಕಟ್ಟಿದ ರ‍್ಯಾಗ್‌ಟೈಮ್ ಸಂಗೀತವನ್ನು ಅವರೇ ಹೇಳಿಕೊಟ್ಟರು. ಎಡಗೈ ತಾಳ ತಪ್ಪದೆ ನಡೆಯಬೇಕು, ಬಲಗೈ ಅದಕ್ಕೆ ಅಡ್ಡಗಾಲು ಹಾಕುತ್ತ ಓಡಬೇಕು. “ಇದ್ರಿಂದ ಹೊಟ್ಟಿ ತುಂಬತೈತೇನು?” ಎಂದು ಅಪ್ಪ ಕೇಳಿದ್ದರು. ನೀನು ಸಿಂಗಾಪುರಕ್ಕೆ ಬಂದು, ದೊಡ್ಡ ಹೋಟೆಲೊಂದರ ಲಾಬಿಯಲ್ಲಿ ತಲೆ ನರೆಯುವವರೆಗೆ ನುಡಿಸಿ ತೋರಿಸಿದೆ.

ಒಮ್ಮೆ ಇಲ್ಲಿನ ಲಿಟಲ್ ಇಂಡಿಯಾದಲ್ಲಿ ನಮ್ಮವರ ಯುಗಾದಿ ಕಾರ್ಯಕ್ರಮ. ಅಲ್ಲಿನ ರಸ್ತೆಯ ಹೆಸರಿಟ್ಟು ನೀನೇ ರಚಿಸಿದ ‘ಸೆರಂಗೂನ್ ರ‍್ಯಾಗ್’ ನುಡಿಸಿದ್ದೆ. ಮುಂದಿನ ಸಾಲಿನಲ್ಲಿದ್ದ ಬ್ಯಾಂಕ್ ಆಫೀಸರ್ ಎದ್ದು, “ಸೂಪರ್ ಸರ್. ಇದು ಯಾವ ರಾಗ?” ಎಂದರು.

“ರಾಗ ಅಲ್ಲ, ರ‍್ಯಾಗ್.”

ಎಲ್ಲರೂ ನಕ್ಕರು. “ಸರಿ, ಡೇ ಟೈಮಲ್ಲಿ ಏನ್ ವರ್ಕ್ ಮಾಡ್ತೀರಿ?” ಎಂದರು ಆಫೀಸರ್. ಅದಕ್ಕೂ ನೀನು ನಕ್ಕುಬಿಟ್ಟೆ. ನನಗೆ ಮೈ ಉರಿದುಹೋಗಿತ್ತು.

ಹೋಟೆಲಿಗೆ ಹೊಸ ಪಿಯಾನೋ ಬಂದ ದಿನ ಸೆಂಗ್‌ಕಾಂಗಿನ ನಮ್ಮ ಫ್ಲ್ಯಾಟಿಗೆ ನೀನು ಮಿಠಾಯಿ ಹಿಡಿದು ಬಂದಿದ್ದೆ. ಒಮ್ಮೆ ನುಡಿಸಿದರೆ ಸಾಕು, ಮತ್ತೆ ತಾನೇ ನುಡಿಸಿಕೊಳ್ಳುವ ಪಿಯಾನೋ. ನಾವೆಲ್ಲ ಒಂದೇ ಫ್ಯಾಮಿಲಿ ಎಂದರಂತೆ ಮ್ಯಾನೇಜರ್. ನೀನು ರಚಿಸಿದ್ದನ್ನೆಲ್ಲ ಅದಕ್ಕೆ ನುಡಿಸಿಕೊಟ್ಟೆ.

“ಏನಾದ್ರೂ ರೈಟಿಂಗಲ್ಲಿ ತಗೋ ಅಣ್ಣ.”

“ಸುಮ್ನಿರೇ, ನಮ್ ಜನ ಅವ್ರು.”

ಮುಂದಿನ ತಿಂಗಳೇ ಆ ನಿನ್ನ ಜನ ನಿನಗೆ, ಇನ್ನು ಬರಬೇಡಿ ಎಂದರು. ಆಮೇಲೆ ನೀನು ಬದುಕಿದ್ದು... ಅದನ್ನು ಬದುಕು ಎನ್ನುವುದಾ? ನಮ್ಮ ಊಟದ ಮೇಜಿನ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದೆ. ಎದೆನೋವು ಬಂದದ್ದೂ ಅಲ್ಲೇ.

ನೀನು ಹೋದ ಮೇಲೆ ಒಂದು ಭಾನುವಾರ ಮಗಳೊಂದಿಗೆ ಆ ಲಾಬಿಗೆ ಹೋದೆ. ಪಿಯಾನೋ ಮುಂದೆ ಯಾರೂ ಇರಲಿಲ್ಲ. ಕೀಗಳು ತಾವಾಗಿ ಕುಸಿದು ಏಳುತ್ತಿದ್ದವು. ‘ಸೆರಂಗೂನ್ ರ‍್ಯಾಗ್’ನ ನಡುವೆ ನೀನು ತುಸು ನಿಲ್ಲುತ್ತಿದ್ದೆಯಲ್ಲ, ಪಿಯಾನೋ ಅದನ್ನೂ ಬಿಟ್ಟಿರಲಿಲ್ಲ.

“ಮಮ್ಮಿ, ಇದು ಮಾಮ ಪ್ಲೇ ಮಾಡಿದ್ದು ಲಾ! ನೇಮ್ ಎಲ್ಲಿ?” ಎಂದು ಇಲ್ಲಿಯವರ ‘ಲಾ’ ಸೇರಿಸಿ ಕೇಳಿದಳು.

ಎಲ್ಲೂ ಇರಲಿಲ್ಲ. ಹೆಸರಿನ ಸಣ್ಣ ಫಲಕ ಹಾಕಿ ಎಂದು ಮ್ಯಾನೇಜರನ್ನು ಕೇಳಿಕೊಂಡೆ. ಹಿನ್ನೆಲೆ ಸಂಗೀತಕ್ಕೆ ಯಾರೂ ಹೆಸರು ಹಾಕುವುದಿಲ್ಲ ಮೇಡಂ ಎಂದು ಇಂಗ್ಲಿಷಿನಲ್ಲಿ ಹೇಳಿ, ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ನಿನಗೆ ತಿಳಿಯದ ಸುದ್ದಿ ಇನ್ನೊಂದಿದೆ. ವಕೀಲರನ್ನು ಹಿಡಿದೆ. ನೀನು ಎಲ್ಲೂ ಸಹಿ ಹಾಕಿರಲಿಲ್ಲ, ಆದ್ದರಿಂದ ಸಂಗೀತ ಅವರದಲ್ಲ ಎಂದು ನೋಟಿಸ್ ಹೋಯಿತು. ಆಗ ಮ್ಯಾನೇಜರನೇ ಫೋನ್ ಮಾಡಿದ: ಫಲಕ ಹಾಕುತ್ತೇವೆ, ಬೇಕಿದ್ದರೆ ಫೋಟೋ ಕೂಡ. ಬೇಡ, ಅಳಿಸಿ ಎಂದೆ. ಮೊನ್ನೆ ಪಿಯಾನೋದಿಂದ ನೀನು ನುಡಿಸಿದ್ದೆಲ್ಲವನ್ನೂ ಅಳಿಸಿಹಾಕಿದರು. “ಇರ್ಲಿ ಬಿಡೇ, ಕೇಳೋರು ಕೇಳ್ತಿದ್ರು” ಎನ್ನುತ್ತಿದ್ದೆ ನೀನಿದ್ದಿದ್ದರೆ, ನನಗೆ ಗೊತ್ತು.

ಈಗ ಈ ಊರಿನಲ್ಲಿ ನಿನ್ನ ಸಂಗೀತ ಎಲ್ಲೂ ಕೇಳಿಸುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅಣ್ಣಾ. ಒಂದು ಸಲವಾದರೂ ನಿನಗೆ ಸಿಟ್ಟು ಬರಲಿ.

ನಿನ್ನ ತಂಗಿ